ಇನ್ನೊಂದು ಸಲ, ಮೊದಲಿನಿಂದ

ಜೂನ್ 2, ಭಾನುವಾರ

ಬಂದು ಬಿದ್ದೆ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಬೇಡವೆಂದರೂ ಅಮ್ಮ ತುರುಕಿದ ಹೊಲಿಗೆ ಡಬ್ಬಿ, ಇಷ್ಟೇ ನನ್ನ ಸಂಸಾರ. ರೂಮು ಮೂರನೇ ಮಹಡಿಯಲ್ಲಿದೆ. ಕಿಟಕಿ ತೆರೆದರೆ ಎದುರು ಮನೆಯವರ ಬಚ್ಚಲಿನ ಗೋಡೆ. ನಲ್ಲಿ ತಿರುಗಿಸಿದರೆ ಮೊದಲು ಕೆಮ್ಮುತ್ತದೆ, ಆಮೇಲೆ ನೀರು ಕೊಡುತ್ತದೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಏನು ಕೆಲಸ ಎಂದು ಕೇಳಿದಳು. ಪೊಲೀಸ್ ಎಂದೆ. ತಕ್ಷಣ ಬ್ಯಾಗನ್ನು ತೊಡೆಯ ಮೇಲಕ್ಕೆ ಎಳೆದುಕೊಂಡಳು. ಕಳ್ಳಿ ಎಂದಿದ್ದರೂ ಅದನ್ನೇ ಮಾಡುತ್ತಿದ್ದಳು.

ಇದನ್ನು ಬರೆಯುವುದು ನನಗೆ ಮಾತ್ರ. ಅಮ್ಮನಿಗೆ ಎಲ್ಲ ಹೇಳಿದರೆ ಅಳುತ್ತಾಳೆ. ತಂಗಿಗೆ ಹೇಳಿದರೆ ಊರಿಗೆಲ್ಲ ಹೇಳಿದಂತೆ, ಅವಳಿಗೆ ಗಿಣಿ ಎಂದು ಸುಮ್ಮನೆ ಹೆಸರಿಟ್ಟಿಲ್ಲ.

ಅಪ್ಪ ಸತ್ತ ವರ್ಷ ಚಿಕ್ಕಪ್ಪ ನಮ್ಮ ಮನೆಗೆ ತನ್ನ ಬೀಗ ಜಡಿದಾಗ ಅಮ್ಮ ದೂರು ಕೊಡಲು ಹೋಗಿ ಸ್ಟೇಷನ್ನಿನ ಬೆಂಚಿನ ಮೇಲೆ ದಿನಗಟ್ಟಲೆ ಕೂತಳು. ಪಕ್ಕದಲ್ಲಿ ನಾನಿದ್ದೆ. ಯಾರೂ ನಮ್ಮನ್ನು ಬೈಯಲಿಲ್ಲ, ಯಾರೂ ಏನು ಎಂದು ಕೇಳಲೂ ಇಲ್ಲ. ಮೇಜಿನ ಆಚೆ ಕಡೆ ನಾನು ಕೂತ ದಿನ ಯಾರನ್ನೂ ಹೀಗೆ ಕಾಯಿಸುವುದಿಲ್ಲ ಎಂದು ಆಗಲೇ ಅಂದುಕೊಂಡಿದ್ದೆ. ನಾಳೆ ಆ ಮೇಜು ಸಿಗುತ್ತದೆ.

ಜೂನ್ 3, ಸೋಮವಾರ

ಮೇಜು ಸಿಗಲಿಲ್ಲ, ಕಪಾಟು ಒರೆಸುವ ಬಟ್ಟೆ ಸಿಕ್ಕಿತು. ಸಾಹೇಬರು, ಅಂದರೆ ಇನ್ಸ್‌ಪೆಕ್ಟರ್, ತಲೆ ಎತ್ತದೆಯೇ ಮಾತಾಡಿದರು. "ಆರು ತಿಂಗಳು ನೋಡ್ತೀವಿ. ರಿಪೋರ್ಟ್ ಚೆನ್ನಾಗಿದ್ರೆ ಇರ್ತೀಯ. ಇಲ್ಲ ಅಂದ್ರೆ ಬಂದ ಬಸ್ಸು."

ಮಧ್ಯಾಹ್ನ ಜೀಪಿನಲ್ಲಿ ಊರು ಸುತ್ತಿಸಿದರು. ನಾನು ಹಿಂದೆ ಕೂತಿದ್ದೆ. ವಾಪಸು ಬಂದು ಎಲ್ಲರೂ ಇಳಿದು ಹೋದರು, ನಾನು ಬಾಗಿಲು ತಳ್ಳಿದೆ, ಗುದ್ದಿದೆ, ಒದ್ದೆ, ಜಪ್ಪಯ್ಯ ಎನ್ನಲಿಲ್ಲ. ಹಿಂದಿನ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದಂತೆ, ಕಳ್ಳರನ್ನು ತರುವ ಜಾಗವಲ್ಲವೇ. ಡ್ರೈವರ್ ಬಂದು ತೆರೆಯುವ ಹೊತ್ತಿಗೆ ಇಡೀ ಸ್ಟೇಷನ್ ವರಾಂಡದಲ್ಲಿ ನಿಂತು ಹಲ್ಲು ಕಿಸಿಯುತ್ತಿತ್ತು. "ಮೊದಲ ದಿನಾನೇ ಅರೆಸ್ಟಾ ಮೇಡಂ?" ಎಂದ. ನಾಚಿಕೆಯಿಂದ ಸತ್ತೆ. ಆದರೆ ಆಮೇಲೆ ನನಗೆ ಚಹಾ ತಂದುಕೊಟ್ಟವನೂ ಅವನೊಬ್ಬನೇ. ಜೀಪು ತೊಳೆಯುವ ಮುಂಚೆ ಕೈಗಡಿಯಾರ ಬಿಚ್ಚಿ ಒಳಗಿನ ಕನ್ನಡಿಗೆ ಸಿಕ್ಕಿಸುತ್ತಾನೆ. ಮದುವೆಯಲ್ಲಿ ಮಾವ ಕೊಟ್ಟದ್ದಂತೆ, ಒಂದು ಗೀರೂ ಬೀಳಬಾರದಂತೆ. ಮಗುವಿನಂತೆ ಸಾಕಿದ್ದಾನೆ.

ಜೂನ್ 11, ಮಂಗಳವಾರ

ಹೆಡ್ ಕಾನ್‌ಸ್ಟೇಬಲ್ಲಿಗೆ ಇಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಮಡಿಸಿದ ಬಿಳಿ ಕರವಸ್ತ್ರ, ಮೆತ್ತಗಿನ ಧ್ವನಿ. ಅವರು ಯಾರಿಗೂ ಹೊಡೆದದ್ದನ್ನು ಯಾರೂ ನೋಡಿಲ್ಲ. ದೂರು ತೆಗೆದುಕೊಳ್ಳುವುದು ಹೇಗೆಂದು ಕಲಿಯಲು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

ಬಂದವಳು ಒಬ್ಬ ಮುದುಕಿ. ಮೇಲಿನ ಮನೆಯವನು ಮೆಟ್ಟಿಲ ಮೇಲೆ ತಳ್ಳಿ ಬಲಗೈ ಮುರಿದಿದ್ದಾನೆ ಎಂದಳು. ಕೈಗೆ ಪಟ್ಟಿ ಕಟ್ಟಿತ್ತು. ಮೇಷ್ಟ್ರು ಮೊದಲು ನೀರು ಕೊಟ್ಟರು. ಪೂರ್ತಿ ಕೇಳಿ, ಪಾಪ ಎಂದು, ಬೆಂಚಿನ ಮೇಲೆ ಕೂರಲು ಹೇಳಿದರು. ತುಂಬ ಹೊತ್ತಿನ ಮೇಲೆ ಕರೆದು, "ಇನ್ನೊಂದು ಸಲ ಹೇಳೀಮ್ಮ, ಮೊದಲಿಂದ" ಎಂದರು. ಹೇಳಿದಳು. ಮತ್ತೆ ಬೆಂಚು. ಊಟದ ಹೊತ್ತು ಕಳೆದ ಮೇಲೆ ಮೂರನೇ ಸಲ. ಅಷ್ಟರಲ್ಲಿ ಅವಳಿಗೆ ಹಸಿವು, ನೋವು, ಕಣ್ಣು ಕತ್ತಲೆ. ಹಾಲು ತರಲು ಹೋಗುವಾಗ ತಳ್ಳಿದ ಎಂದಿದ್ದವಳು ಈಗ ತಂದು ಬರುವಾಗ ಎಂದಳು. ಮೇಷ್ಟ್ರು ಪೆನ್ನು ಕೆಳಗಿಟ್ಟರು.

"ಹೋಗೋವಾಗಲೋ, ಬರೋವಾಗಲೋ?"

"ಬರೋವಾಗ. ಅಲ್ಲ, ಹೋಗೋವಾಗ. ಅದೇ ಮೆಟ್ಟಿಲೇ ಅಲ್ವಾ ಸ್ವಾಮಿ?"

"ಮೆಟ್ಟಿಲು ಅದೇ. ಮಾತು ಎರಡಾಯ್ತಲ್ಲಮ್ಮ. ಸುಳ್ಳು ದೂರು ಅಂತಾದ್ರೆ ನಿಮ್ಮನ್ನೇ ಒಳಗೆ ಕೂರಿಸ್ಬೇಕಾಗತ್ತೆ. ಮನೆಗೆ ಹೋಗಿ, ಚೆನ್ನಾಗಿ ನೆನಪು ಮಾಡ್ಕೊಂಡು ಬನ್ನಿ."

ಅವಳು ಬರುವುದಿಲ್ಲ. ಅಮ್ಮನೇ ಎದ್ದು ಹೋದಂತಾಯಿತು. ತಡೆಯಲಾಗದೆ ಮೇಷ್ಟ್ರನ್ನು ಕೇಳಿಯೇಬಿಟ್ಟೆ, ಅವಳ ಕೈ ಮುರಿದದ್ದು ಸುಳ್ಳಾ ಎಂದು.

"ಕೈ ಮುರಿದಿರೋದು ನಿಜ. ಯಾರು ಮುರಿದ್ರು ಅನ್ನೋದು ಕಥೆ. ಕಥೆ ಬದಲಾದ್ರೆ ಸುಳ್ಳು."

"ಬದಲಾಗ್ದೇ ಇದ್ರೆ?"

"ಬಾಯಿಪಾಠ. ಯಾರೋ ಹೇಳಿಕೊಟ್ಟು ಕಳಿಸಿರ್ತಾರೆ."

"ಹಾಗಾದ್ರೆ ನಿಜ ಹೇಗಿರತ್ತೆ ಸರ್?"

ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಸಾಹೇಬರ ಕೋಣೆಗೆ ಹೋಗಿ ಅವರನ್ನೂ ನಗಿಸಿ ಬಂದರು. ದೂರು ಕಡಿಮೆಯಾದಷ್ಟೂ ಸಾಹೇಬರ ಏರಿಯಾ ಶಾಂತವಾಗಿದೆ ಎಂದು ಮೇಲಿನವರು ಬೆನ್ನು ತಟ್ಟುತ್ತಾರಂತೆ. ಅದಕ್ಕೇ ಈ ನಾಟಕ. ನಾನು ಇಂಥವಳಾಗುವುದಿಲ್ಲ, ಬರೆದಿಟ್ಟಿದ್ದೇನೆ.

ಜೂನ್ 12

ಅಂಗಡಿ ಬೀದಿಯಲ್ಲಿ ಆ ಮುದುಕಿ ಕಂಡಳು. ಚೀಲ ಎಡಗೈಯಲ್ಲಿತ್ತು. ನನ್ನನ್ನು ನೋಡಿ ರಸ್ತೆ ದಾಟಿ ಆಚೆ ಬದಿಗೆ ಹೋದಳು. ಊಟ ಸೇರಲಿಲ್ಲ.

ಜುಲೈ 6, ಶನಿವಾರ

ಇವತ್ತು ನನ್ನ ಕಾಲು ನೆಲದ ಮೇಲಿಲ್ಲ!

ಮೊಬೈಲ್ ಅಂಗಡಿಯವನೊಬ್ಬ ಅಂಗಡಿಗೆ ಕನ್ನ ಬಿತ್ತು ಎಂದು ಬಾಯಿ ಬಡಿದುಕೊಳ್ಳುತ್ತ ಬಂದ. ಮೇಷ್ಟ್ರಿಗೆ ಹಲ್ಲುನೋವು. ನೀನೇ ನೋಡ್ಕೋ ಎಂದರು. ನೀರು ಕೊಟ್ಟೆ, ಕೇಳಿದೆ, ಕೂರಿಸಿದೆ, ಮತ್ತೆ ಕೇಳಿದೆ. ಮೊದಲ ಸಲ ಬೀಗ ಒಡೆದಿದ್ದರು, ಮೂರನೇ ಸಲ ಕತ್ತರಿಸಿದ್ದರು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈಗ ಕೊನೆಯಿಂದ ಮೊದಲಿಗೆ ಹೇಳಿ ಎಂದೆ. ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತು. ಸಂಜೆಯೊಳಗೆ ಎಲ್ಲ ಹೊರಬಿತ್ತು. ಮಾಲನ್ನು ತಾನೇ ಭಾವಮೈದುನನ ಮನೆಗೆ ಸಾಗಿಸಿ ಇನ್ಶೂರೆನ್ಸಿಗೆ ಬಾಯಿ ಬಿಟ್ಟು ಕೂತಿದ್ದ.

ಸಾಹೇಬರು ಹೊರಗೆ ಬಂದು ಶಭಾಷ್ ಎಂದರು. ಮೊದಲ ಸಲ ನನ್ನ ಮುಖ ನೋಡಿದರು. ವಿದ್ಯೆಯಲ್ಲಿ ತಪ್ಪಿಲ್ಲ, ಯಾರ ಮೇಲೆ ಬಳಸುತ್ತೇವೆ ಎನ್ನುವುದರಲ್ಲಿದೆ. ನಾನು ಸುಳ್ಳುಗಾರರ ಮೇಲೆ ಮಾತ್ರ ಬಳಸುತ್ತೇನೆ.

ಜುಲೈ 30, ಮಂಗಳವಾರ

ನನಗೆ ಇಲ್ಲಿ ಜರಡಿ ಎಂದು ಹೆಸರು ಬಿದ್ದಿದೆ. ಹೆಂಗಸರು ಬಂದರೆ ಈಗ ನೇರ ನನ್ನ ಮೇಜಿಗೇ ಕಳಿಸುತ್ತಾರೆ. ನನ್ನ ಧ್ವನಿ ಕೇಳಿದರೆ ಅವರಿಗೆ ಧೈರ್ಯ ಬರುತ್ತದೆ, ಬೇಗ ಬಾಯಿ ಬಿಡುತ್ತಾರೆ. ಸುಳ್ಳುಗಾರರು ಯಾರು ಎಂದು ತಿಳಿಯಬೇಕಾದರೆ ಎಲ್ಲರನ್ನೂ ಜರಡಿ ಹಿಡಿಯಲೇಬೇಕಲ್ಲ, ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಆಗಸ್ಟ್ 18, ಭಾನುವಾರ

ಗಿಣಿ ಬಂದಳು. ಇಲ್ಲಿನ ದೊಡ್ಡಾಸ್ಪತ್ರೆಯಲ್ಲಿ ನರ್ಸಿಂಗ್ ತರಬೇತಿಗೆ ಸೀಟು ಸಿಕ್ಕಿದೆ. ಪೊಲೀಸ್ ಅಕ್ಕನ ಜೊತೆ ಇರ್ತಾಳೆ, ಇನ್ನು ನಾನು ಕಣ್ತುಂಬ ನಿದ್ದೆ ಮಾಡಬಹುದು ಎಂದಳಂತೆ ಅಮ್ಮ. ಇಪ್ಪತ್ತು ತುಂಬಿದರೂ ಗಿಣಿಯ ಬಾಯಿಗೆ ಇನ್ನೂ ವಿರಾಮ ಚಿಹ್ನೆ ಸಿಕ್ಕಿಲ್ಲ. ಮೆಟ್ಟಿಲು ಹತ್ತುವಷ್ಟರಲ್ಲಿ ಬಸ್ಸಿನವರ ಸಂಸಾರವನ್ನೆಲ್ಲ ಹೇಳಿ ಮುಗಿಸಿದಳು. ಕೆಮ್ಮುವ ನಲ್ಲಿಗೆ "ಏನಜ್ಜ, ಔಷಧಿ ತಗೊಂಡ್ಯಾ?" ಎಂದಳು. ಎಷ್ಟು ದಿನವಾಗಿತ್ತು ನಾನು ಹೀಗೆ ನಕ್ಕು.

ಆಸ್ಪತ್ರೆ ಊರಿನ ಇನ್ನೊಂದು ತುದಿ, ಎರಡು ಬಸ್ಸು ಬದಲಿಸಬೇಕು. ಸಾಹೇಬರನ್ನು ಕರೆತರಲು ಜೀಪು ದಿನಾ ಆ ಕಡೆಗೇ ಹೋಗುತ್ತದೆ. ಡ್ರೈವರ್‌ಗೆ ಕೇಳಿದೆ. "ಅದಕ್ಕೇನಂತೆ ಮೇಡಂ, ನಮ್ಮನೆ ಹುಡುಗಿ ಇದ್ದ ಹಾಗೆ" ಎಂದ. ಈ ಊರಲ್ಲಿ ಗಿಣಿಯಷ್ಟು ಭದ್ರವಾಗಿ ಓಡಾಡುವ ಹುಡುಗಿ ಇನ್ನೊಬ್ಬಳಿಲ್ಲ. ಮನೆ ನೋಡಿಟ್ಟುಕೊಳ್ಳಲು ಅವನು ಜೀಪು ತಂದಾಗ ಕೆಳಗಿನ ಮನೆಯವರು ಬಾಗಿಲಿಗೆ ಬಂದು ನೋಡಿದರು. ನೋಡಲಿ.

ಸೆಪ್ಟೆಂಬರ್ 9, ಸೋಮವಾರ

ಗಂಡ ಹೊಡೆದ ಎಂದು ತುಟಿ ಊದಿಸಿಕೊಂಡು ಬಂದವಳು ಮೂರನೇ ಸಲಕ್ಕೆ ಉಳಿಯಲೇ ಇಲ್ಲ. ನೋಡಿದರೆ ಬೆಂಚು ಖಾಲಿ. ಒಂದು ತಿಂಗಳಿಂದ ನನ್ನ ಮೇಜಿನಿಂದ ಒಂದು ದೂರೂ ದಾಖಲಾಗಿಲ್ಲ. ಮೇಷ್ಟ್ರು ಎಲ್ಲರಿಗೂ ಚಹಾ ಕೊಡಿಸಿದರು.

ಅಮ್ಮನ ಫೋನು. "ಯಾರನ್ನೂ ಸುಮ್ಮನೆ ಕಾಯಿಸಲ್ಲ ತಾನೇ ನೀನು?" ಎಂದು ಕೇಳಿದಳು.

"ಇಲ್ಲಮ್ಮ, ಎಲ್ಲರ ಮಾತೂ ಕೇಳ್ತೀನಿ. ಒಂದಲ್ಲ, ಮೂರು ಸಲ."

ಅಮ್ಮ ಹೆಮ್ಮೆಯಿಂದ ಫೋನಿಟ್ಟಳು. ಹೊಸ ಚಪ್ಪಲಿ ಕೊಂಡೆ.

ಸೆಪ್ಟೆಂಬರ್ 27, ಶುಕ್ರವಾರ

ಗಿಣಿಗೆ ಏನೋ ಕೊಬ್ಬು. ಹತ್ತು ದಿನದಿಂದ ಜೀಪು ಬೇಡವಂತೆ, ಬಸ್ಸು ಬದಲಿಸಿಕೊಂಡು ಹೋಗುತ್ತಾಳೆ. ಕೇಳಿದರೆ ಗೋಡೆ ನೋಡುತ್ತಾಳೆ. ಸಂಜೆ ಬಚ್ಚಲು ಸೇರಿದರೆ ಹೊರಗೆ ಬರುವುದೇ ಇಲ್ಲ, ನಲ್ಲಿ ಕೆಮ್ಮುತ್ತಲೇ ಇರುತ್ತದೆ. ನಾನು ದಿನವಿಡೀ ಜನರ ಗೋಳು ಕೇಳಿ ಬಂದು ಮನೆಯಲ್ಲಿ ಈ ಊದಿದ ಮುಖ ನೋಡಬೇಕು. ಡ್ರೈವರ್ ಬೇರೆ, "ಏನೋ ಕೋಪ ಮೇಡಂ, ನಾನೇನಂದೆ ಅಂತ ನನಗೇ ಗೊತ್ತಿಲ್ಲ" ಎಂದು ಕೈ ಹಿಸುಕಿಕೊಂಡ. ನನಗೆ ಮುಖ ತೋರಿಸಲು ನಾಚಿಕೆಯಾಯಿತು.

ಅಕ್ಟೋಬರ್ 4, ಶುಕ್ರವಾರ

ಡ್ಯೂಟಿ ಮುಗಿಸಿ ಬಂದೆ. ಇನ್ನೂ ಬೆಳಕಿತ್ತು. ಗಿಣಿ ಮಂಚದ ಅಂಚಿನಲ್ಲಿ ಕೂತಿದ್ದಳು. ಚಪ್ಪಲಿ ಕೂಡ ತೆಗೆದಿರಲಿಲ್ಲ.

"ಅಕ್ಕಾ, ಒಂದು ವಿಷಯ ಹೇಳ್ಬೇಕು. ಬೈಬೇಡ."

ನೀರು ಕೊಟ್ಟೆ. ಕುಡಿದಳು. ಹೇಳಿದಳು.

ಹೋದ ತಿಂಗಳು ಒಂದು ಮಳೆಯ ದಿನ ಆಸ್ಪತ್ರೆಯಿಂದ ಬರುವಾಗ ಜೀಪು ಗೇಟಿನ ಹತ್ತಿರ ನಿಂತಿತ್ತಂತೆ. ಮುಂದಿನ ಸೀಟಿನ ಮೇಲೆ ಏನೋ ಡಬ್ಬ ಇದೆಯೆಂದು ಡ್ರೈವರ್ ಹಿಂದೆ ಕೂರಿಸಿದನಂತೆ. ಹಳೇ ಗೋದಾಮಿನ ರಸ್ತೆಗೆ ತಿರುಗಿಸಿ ನಿಲ್ಲಿಸಿದನಂತೆ. ಆಮೇಲೆ ಅವಳು ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. "ವಾಚ್ ಬಿಚ್ಚಿ ಕನ್ನಡಿಗೆ ಸಿಕ್ಕಿಸಿದ ಅಕ್ಕಾ. ಅದು ಅಲ್ಲಾಡ್ತಾ ಇತ್ತು. ನಾನು ಅದನ್ನೇ ನೋಡ್ತಿದ್ದೆ. ಬಾಗಿಲು ಎಷ್ಟು ತಳ್ಳಿದ್ರೂ ತೆಗೀಲಿಲ್ಲ."

ಸಾಹೇಬರಿಗೆ ಬೇಕಾದ ಮನುಷ್ಯ. ಜೀಪಿಗೆ ಹತ್ತಿಸಿದವಳು ನಾನು. ರಿಪೋರ್ಟಿಗೆ ಇನ್ನು ಎರಡು ತಿಂಗಳೂ ಇಲ್ಲ. ಹೀಗೆ ತಲೆ ಕೆಟ್ಟಾಗ ಕೆಲಸವೇ ಕೈ ಹಿಡಿಯುತ್ತದೆ. ಏನು ಮಾಡಬೇಕೆಂದು ನನಗೆ ಗೊತ್ತಿತ್ತು.

"ಇನ್ನೊಂದು ಸಲ ಹೇಳು. ಮೊದಲಿಂದ."

ನನ್ನನ್ನೇ ನೋಡಿದಳು. ಹೇಳಿದಳು. ನಾನು ಎದ್ದು ಅಡುಗೆ ಮಾಡಿದೆ, ಅವಳು ಅಲ್ಲೇ ಕೂತಿದ್ದಳು. ತಟ್ಟೆ ಹಾಕುವ ಮುಂಚೆ ಮತ್ತೆ ಕೇಳಿದೆ.

"ಎಷ್ಟು ಸಲ ಅಕ್ಕಾ?"

"ನಿನ್ನ ಒಳ್ಳೇದಕ್ಕೇ ಕೇಳ್ತಿರೋದು. ಹೇಳು."

ಮೂರನೇ ಸಲ ಅವಳ ಧ್ವನಿ ಅಡಗಿಹೋಗಿತ್ತು. ಅಲ್ಲಿ ಇಲ್ಲಿ ಬಿಟ್ಟು ಹೇಳಿದಳು. ನನಗೆ ಸಿಕ್ಕಿತು.

"ನಿಲ್ಲಿಸಿದ ಮೇಲೆ ವಾಚ್ ಬಿಚ್ಚಿದ ಅಂದಿದ್ದೆ. ಈಗ ನಿಲ್ಲಿಸೋ ಮುಂಚೆ ಅಂತಿದೀಯ."

"ಗೊತ್ತಿಲ್ಲ. ಮುಂಚೆನೋ ಆಮೇಲೋ."

"ಮಳೆ ಜೋರಾಗಿತ್ತು ಅಂದೆ. ಜೋರು ಮಳೇಲಿ ಗೋದಾಮಿನ ರಸ್ತೆ ಅಂತ ಹೇಗೆ ಗೊತ್ತಾಯ್ತು? ಅವನೇನಾದ್ರೂ ಬೈದಿದ್ನಾ ನಿಂಗೆ? ಅದಕ್ಕೆ ಕೋಪಾನಾ?"

ಗಿಣಿ "ಅಕ್ಕಾ, ನೀನಿನ್ನೂ ಯೂನಿಫಾರ್ಮ್ ಬಿಚ್ಚೇ ಇಲ್ಲ" ಎಂದಳು.

ನೋಡಿಕೊಂಡೆ, ಹೌದು, ಬಿಚ್ಚಿರಲಿಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ? ಕೇಳಿದ್ದಕ್ಕೆ ಉತ್ತರವಿಲ್ಲದಿದ್ದಾಗ ಎಲ್ಲರೂ ಹೀಗೇ ಮಾತು ಹಾರಿಸುತ್ತಾರೆ.

"ಹೋಗ್ಲಿ ಬಿಡು, ಏನೂ ಆಗಿಲ್ಲ" ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಏನೂ ಆಗಿಲ್ಲ ಎಂದು ಅವಳ ಬಾಯಿಂದಲೇ ಬಂತು. ನನಗೆ ಹೋದ ಜೀವ ಬಂದಂತಾಯಿತು. ತಟ್ಟೆ ಹಾಗೇ ಇತ್ತು. ಅವಳ ಪಾಲನ್ನೂ ನಾನೇ ಉಂಡೆ.

ಅಕ್ಟೋಬರ್ 6, ಭಾನುವಾರ

ಗಿಣಿ ಮನೆಗೆ ಹೋದಳು. ತರಬೇತಿ ಬಿಟ್ಟಳಂತೆ. ಸಿಕ್ಕ ಸೀಟು ಒದ್ದು ಹೋಗುವ ಸೊಕ್ಕು ನಮಗೆ ಅವಳ ವಯಸ್ಸಿನಲ್ಲಿ ಇರಲಿಲ್ಲ. ಬಸ್ ಹತ್ತಿಸಿ ಬಂದೆ. ಕಿಟಕಿ ಪಕ್ಕ ಸೀಟು ಕೊಡಿಸಿದ್ದೆ, ಹೊರಗೆ ನೋಡಲಿಲ್ಲ. ರೂಮು ದೊಡ್ಡದಾದಂತಿದೆ.

ಅಕ್ಟೋಬರ್ 7

ಡ್ರೈವರ್ "ತಂಗಿ ಚೆನ್ನಾಗಿದಾಳಾ ಮೇಡಂ?" ಎಂದು ಕೇಳಿದ. ತಪ್ಪು ಮಾಡಿದವನು ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಾನೆಯೇ? ಊರಿಗೆ ಹೋದಳು ಎಂದೆ. ಚಹಾ ತಂದುಕೊಟ್ಟ. ಕುಡಿದೆ.

ನವೆಂಬರ್ 14, ಗುರುವಾರ

ಸುಸ್ತಾಗಿದೆ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಒಬ್ಬಳು ಬಂದಳು. ದೊಡ್ಡಾಸ್ಪತ್ರೆಯ ಆಯಾ, ಮೂವತ್ತರ ಒಳಗಿನವಳು, ಬೆರಳುಗಳಿಗೆ ಫಿನಾಯಿಲಿನ ವಾಸನೆ. ಯಾರ ಮೇಲೆ ದೂರು ಎಂದರೆ ಹೊರಗೆ ನಿಂತಿದ್ದ ಜೀಪಿನ ಕಡೆ ಕೈ ತೋರಿಸಿದಳು. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ನನ್ನನ್ನು ನೋಡಿದರು. ಕರವಸ್ತ್ರ ಮಡಿಸುತ್ತ ಅಲ್ಲೇ ನಿಂತರು.

ನೀರು ಕೊಟ್ಟೆ.

"ಬಸ್ಸು ತಪ್ಪಿತ್ತು ಮೇಡಂ. ಪೊಲೀಸ್ ಜೀಪಲ್ವಾ ಅಂತ ಧೈರ್ಯವಾಗಿ ಹತ್ತಿದೆ" ಎಂದಳು. ಗೋದಾಮಿನ ರಸ್ತೆ. ತೆರೆಯದ ಬಾಗಿಲು. "ವಾಚ್ ಬಿಚ್ಚಿ ಕನ್ನಡಿಗೆ ಹಾಕಿದ. ಅದು ಅಲ್ಲಾಡ್ತಿತ್ತು. ಅದನ್ನೇ ನೋಡ್ತಾ ಇದ್ದೆ."

ನನ್ನ ಪೆನ್ನು ನಿಂತಿತು. ಅವಳಿಗೆ ಕೊಟ್ಟ ಲೋಟದಲ್ಲಿ ಉಳಿದಿದ್ದ ನೀರನ್ನು ನಾನೇ ಕುಡಿದೆ. ಕಿಟಕಿಯಾಚೆ ಡ್ರೈವರ್ ಜೀಪು ತೊಳೆಯುತ್ತಿದ್ದ. ಒಳಗೆ ಕನ್ನಡಿಯಲ್ಲಿ ಅದು ನೇತಾಡುತ್ತಿತ್ತು, ಬಿಸಿಲಿಗೆ ಹೊಳೆಯುತ್ತಿತ್ತು.

"ಇನ್ನೊಂದು ಸಲ ಹೇಳಿ" ಎಂದೆ. "ಮೊದಲಿಂದ."

ಬೆಂಚಿನ ಮೇಲೆ ಕೂರಿಸಿದೆ. ಕರೆದೆ. ಕೂರಿಸಿದೆ. ಇವಳು ಗಟ್ಟಿಗಿತ್ತಿ, ಅಳಲಿಲ್ಲ, ಹಸಿವೆನ್ನಲಿಲ್ಲ, ಎದ್ದು ಹೋಗಲೂ ಇಲ್ಲ. ಮೂರು ಸಲವೂ ಅದೇ ರಸ್ತೆ, ಅದೇ ಬಾಗಿಲು, ಅದೇ ವಾಚು, ಒಂದು ಅಕ್ಷರ ಆಚೆ ಈಚೆ ಇಲ್ಲ. ಕೊನೆಯಿಂದ ಮೊದಲಿಗೆ ಹೇಳು ಎಂದರೂ ಸರಿಯಾಗಿ ಹೇಳಿದಳು.

ಆಗ ನನಗೆ ಹೊಳೆಯಿತು. ಆಸ್ಪತ್ರೆಯವಳು. ಗಿಣಿ ಇದ್ದದ್ದೂ ಅಲ್ಲೇ. ಗಿಣಿಯ ಬಾಯಿ ನನಗೆ ಗೊತ್ತಿಲ್ಲವೇ? ಹೋಗುವ ಮುಂಚೆ ಎಲ್ಲರ ಮುಂದೆ ಒದರಿರುತ್ತಾಳೆ, ಇವಳು ಅದನ್ನೇ ಎತ್ತಿಕೊಂಡು ಬಂದಿದ್ದಾಳೆ.

"ಯಾರು ಹೇಳಿಕೊಟ್ರು ನಿಮಗೆ?" ಎಂದೆ.

"ಏನು ಹೇಳಿಕೊಡೋದು ಮೇಡಂ?"

"ಇಷ್ಟು ಚೆನ್ನಾಗಿ ಬಾಯಿಪಾಠ ಮಾಡಿದೀರಲ್ಲ. ಸುಳ್ಳು ದೂರು ಅಂತಾದ್ರೆ ಕೆಲಸಾನೂ ಹೋಗತ್ತೆ, ಒಳಗೂ ಹೋಗ್ತೀರ. ಮಕ್ಕಳಿದಾರಾ?"

ಒಬ್ಬ ಮಗಳಿದ್ದಾಳೆ ಎಂದಳು. ಅವಳ ಕಡೆ ನೋಡಿಕೊಳ್ಳಿ ಎಂದೆ. ಎದ್ದು ನಿಂತಳು. ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ಯಲಿಲ್ಲ.

"ನೀವು ಹೆಂಗಸು ಅಂತ ನಿಮ್ಮ ಮೇಜಿಗೆ ಬಂದೆ" ಎಂದು ಹೋದಳು.

ಮೇಷ್ಟ್ರು ಬಂದು, ನನಗಿಂತ ಚೆನ್ನಾಗಿ ಮಾಡಿದೆ ಎಂದರು. ಸಂಜೆ ಮಳೆ ಬಂತು. ಡ್ರೈವರ್ ಮನೆ ತನಕ ಬಿಡುತ್ತೇನೆ ಎಂದ. ನಡೆದು ಬಂದೆ, ವ್ಯಾಯಾಮವೂ ಆಗುತ್ತದೆ. ಹೊಸ ಚಪ್ಪಲಿ ಹಾಳಾಯಿತು.

ಡಿಸೆಂಬರ್ 2, ಸೋಮವಾರ

ಕಾಯಂ ಆಯಿತು! ರಿಪೋರ್ಟಿನಲ್ಲಿ ಸಾಹೇಬರು "ತಾಳ್ಮೆಯಿಂದ ಆಲಿಸುವ ಗುಣ" ಎಂದು ಬರೆದಿದ್ದಾರೆ. ಮುಂದಿನ ವಾರ ಹೊಸ ಹುಡುಗಿಯೊಬ್ಬಳು ಬರುತ್ತಾಳಂತೆ, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸು ಎಂದಿದ್ದಾರೆ. ಮೇಜು ಈಗ ಪೂರ್ತಿ ನನ್ನದು. ಡ್ರಾಯರಿಗೆ ಬೀಗವೂ ಇದೆ.

ಸಂಜೆ ಅಮ್ಮನಿಗೆ ಫೋನು ಮಾಡಿದೆ. ಖುಷಿ ಪಡುತ್ತಾಳೆಂದುಕೊಂಡರೆ ಅವಳದು ಗಿಣಿಯ ಪುರಾಣ. ಹೊರಗೆ ಬರುವುದಿಲ್ಲ, ಉಣ್ಣುವುದಿಲ್ಲ, ಆ ಮನೆಯಲ್ಲಿ ಈಗ ಅಮ್ಮನ ಹೊಲಿಗೆ ಮಷೀನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲವಂತೆ.

"ಅವಳಿಗೇನಾಯ್ತು ಅಲ್ಲಿ? ನೀನಾದ್ರೂ ಹೇಳೇ. ದಿನಾ ಕೇಳ್ತೀನಿ, ಬಾಯಿ ಬಿಡಲ್ಲ. ನಿನ್ನೆ ತಲೆ ಸವರಿ ಕೇಳಿದ್ದಕ್ಕೆ, ಎಷ್ಟು ಸಲ ಹೇಳ್ಬೇಕು ಅಂತ ಮೊದಲೇ ಹೇಳಿಬಿಡಮ್ಮ, ಆಮೇಲೆ ಹೇಳ್ತೀನಿ ಅಂದ್ಳು. ಹಾಗಂದ್ರೇನೇ?"

ನಲ್ಲಿ ಕೆಮ್ಮುತ್ತಿತ್ತು, ಎದ್ದು ನಿಲ್ಲಿಸಿದೆ.

"ಇನ್ನೊಂದು ಸಲ ಹೇಳಮ್ಮ" ಎಂದೆ. "ಅವಳು ಸರಿಯಾಗಿ ಏನಂದ್ಳು?"

ಅಮ್ಮ ಅಳುತ್ತಲೇ ಇನ್ನೊಂದು ಸಲ ಹೇಳಿದಳು. ಮೊದಲು ನಿನ್ನೆ ಎಂದಿದ್ದವಳು ಈಗ ಮೊನ್ನೆ ಎಂದಳು.